ಸಂತೆಯಲ್ಲಿ ಕೂತು ಮುಖ ಬರೆಯುವವರು ಇಲ್ಲಿ ಯಾರಾದರೂ ಇದ್ದೀರಾ? (ಮಡಿಕೇರಿ)

ಕೆಂಪುಕೊಡೆ:

ನಾನು ಮಡಿಕೇರಿಯವಳು, ಪೇಟೆಯಲ್ಲೊಂದು ಮೆಡಿಕಲ್ ಶಾಪಿನಲ್ಲಿ ಕೆಲಸ. ಹೈಸ್ಕೂಲಿನಲ್ಲಿ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದು ಬಿಟ್ಟರೆ ಚಿತ್ರಕಲೆ ಅಂತ ಎಲ್ಲೂ ಕಲಿತಿಲ್ಲ. ಆದರೆ ಮೊಬೈಲಿನಲ್ಲಿ ಫೋಟೋ ಇಟ್ಟುಕೊಂಡು ಪೆನ್ಸಿಲ್‌ನಲ್ಲಿ ಮುಖ ಬರೆಯುವ ಹುಚ್ಚು ಬಿಟ್ಟಿಲ್ಲ. ಮದುವೆ ಉಡುಗೊರೆಗೆ ಜೋಡಿಯ ಚಿತ್ರ ಬೇಕು, ತೀರಿಹೋದ ಅಜ್ಜನದ್ದು ದೊಡ್ಡದು ಮಾಡಿಕೊಡಿ ಎಂದು ಕೇಳಿಕೊಂಡು ಬರುವವರೂ ಇದ್ದಾರೆ. ಫೋಟೋದಿಂದಾದರೆ ಹೋಲಿಕೆ ಬರುತ್ತದೆ. ಚೌಕ ಹಾಕಿಕೊಂಡು ಬರೆದರೆ ಬರದೆ ಎಲ್ಲಿ ಹೋಗುತ್ತದೆ!

ಈಗ ಎದುರಿಗಿರುವ ಜನರನ್ನೇ ನೋಡಿ ಬರೆಯಬೇಕು ಅನ್ನಿಸಿದೆ. ಕೌಂಟರಿನ ಈಚೆ ನಿಂತವಳಿಗೆ ದಿನವಿಡೀ ಮುಖ ನೋಡುವುದೇ ಕೆಲಸ. ಚೀಟಿ ಕೊಟ್ಟು ಮಾತ್ರೆ ಬರುವ ತನಕ ಕಾಯುತ್ತಾರಲ್ಲ, ಆ ಹೊತ್ತಿನಲ್ಲಿ ಇರುವ ಮುಖ ಯಾವ ಫೋಟೋದಲ್ಲೂ ಸಿಗುವುದಿಲ್ಲ. ಅಂಗಡಿಯಲ್ಲಿ ಮಾತ್ರ ಬರೆಯಲಾರೆ. ಮಾಲೀಕರು ಬಿಡುತ್ತಾರೋ ಇಲ್ಲವೋ ಅದು ಆಮೇಲಿನ ಮಾತು. ಯಾರಿಗೆ ಯಾವ ಮಾತ್ರೆ ಅಂತ ಗೊತ್ತಿರುವವಳು ಅವರ ಮುಖವನ್ನೂ ಬರೆದಿಟ್ಟುಕೊಳ್ಳುವುದು ನನಗೇ ಸರಿ ಕಾಣುವುದಿಲ್ಲ.

ಹಾಗಾಗಿ ಶುಕ್ರವಾರ ಊಟದ ಹೊತ್ತಿಗೆ ಸಂತೆಗೆ ಹೋಗಿ ಕೂರುತ್ತಿದ್ದೇನೆ. ಒಣಮೀನಿನ ಅಕ್ಕ ಒಬ್ಬರಿದ್ದಾರೆ, ಚೆಂದದ ಮುಖ, ಅಗಲ ದವಡೆ. ಎಡಗಣ್ಣು ಬರೆದು ಮುಗಿಸುವಷ್ಟರಲ್ಲಿ ಅವರು ತೂಕ ಹಾಕಲು ತಿರುಗಿರುತ್ತಾರೆ. ವಾಪಸ್ ಬಂದಾಗ ಕತ್ತು ಬೇರೆ ಕಡೆ, ಬೆಳಕು ಬೇರೆ ಕಡೆ. ಕೊನೆಗೆ ಕಾಗದದ ಮೇಲೆ ಎಡಭಾಗ ಒಬ್ಬರದ್ದು, ಬಲಭಾಗ ಅವರ ನಾದಿನಿಯದ್ದು ಅನ್ನುವ ಹಾಗಿರುತ್ತದೆ.

ಅಷ್ಟರಲ್ಲಿ ಸುತ್ತ ಜನ ಸೇರುತ್ತಾರೆ. ಮಕ್ಕಳಾದರೆ "ಅಕ್ಕ, ನನ್ನನ್ನ ಬರೀರಿ" ಅನ್ನುತ್ತವೆ, ಅದು ಪರವಾಗಿಲ್ಲ. ದೊಡ್ಡವರು ಹಿಂದೆ ನಿಂತು "ಮೂಗು ಸ್ವಲ್ಪ ಉದ್ದ ಆಯ್ತು" ಅಂತ ತೀರ್ಪು ಕೊಡುತ್ತಾರೆ. ಗಂಡಸರನ್ನು ಹತ್ತು ನಿಮಿಷ ಕಣ್ಣಿಟ್ಟು ನೋಡಿದರೆ ಈ ಊರಲ್ಲಿ ಅದು ಸಂಜೆಯೊಳಗೆ ನಮ್ಮ ಮನೆಗೆ ತಲುಪಿರುತ್ತದೆ. ಕಣಿಲೆ (ಎಳೆ ಬಿದಿರು) ಮಾರುವ ಅಜ್ಜಿಯೊಬ್ಬರು ಮೊನ್ನೆ ನನ್ನನ್ನು ನೋಡಿ ಸೆರಗು ಎಳೆದುಕೊಂಡು ಪೂರ್ತಿ ಆ ಕಡೆ ತಿರುಗಿ ಕೂತರು. ಪುಸ್ತಕ ಮುಚ್ಚಿ ಎದ್ದು ಬಂದೆ.

ರಾಜಾಸೀಟಿಗೂ ಹೋಗಿ ನೋಡಿದೆ. ಅಲ್ಲಿ ಯಾರೂ ಕೂರುವುದೇ ಇಲ್ಲ, ಎಲ್ಲ ಸೆಲ್ಫಿ. ಅಲ್ಲಾಡದವರು ಬೇಕು ಅಂತ ತಿಮ್ಮಯ್ಯ ವೃತ್ತದ ಪ್ರತಿಮೆಯನ್ನು ಬರೆಯಲು ನಿಂತೆ. ಕೆಳಗಿನಿಂದ ನೋಡಿದರೆ ಜನರಲ್ ತಿಮ್ಮಯ್ಯನವರದ್ದು ಬರೀ ಗದ್ದ ಕಾಣುತ್ತದೆ ಮಾರಾಯ್ರೇ.

ಹೊರಗೆ ಕೂತು ಬರೆಯುವವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡುವುದು?

ನಿವೃತ್ತ ಡ್ರಾಯಿಂಗ್ ಮೇಷ್ಟ್ರು:

ಅಮ್ಮಾ, ಪ್ರಶ್ನೆ ಓದಿ ಸಂತೋಷವಾಯಿತು. ನಾನು ಸೋಮವಾರಪೇಟೆ ಕಡೆಯವನು. ನೌಕರಿಯಲ್ಲಿದ್ದಷ್ಟು ದಿನ ಹೂಜಿ, ಸೇಬು, ಮಡಿಸಿದ ಟವೆಲ್ ಬರೆಸಿದ್ದೇ ಬರೆಸಿದ್ದು. ಈಗ ಸೋಮವಾರದ ಸಂತೆಯಲ್ಲಿ ಗೋಣಿಚೀಲದ ಮೇಲೆ ಕೂತು ನನಗೆ ಬೇಕಾದ್ದನ್ನು ಬರೆಯುತ್ತೇನೆ.

ಮೊದಲು ಕಣ್ಣಿನಿಂದ ಶುರು ಮಾಡುವುದನ್ನು ನಿಲ್ಲಿಸಿ. ಫೋಟೋದಿಂದ ಬರೆಯುವವರೆಲ್ಲ ಕಣ್ಣಿನಿಂದಲೇ ಶುರು ಮಾಡುತ್ತಾರೆ, ಯಾಕೆಂದರೆ ಫೋಟೋ ಕಾಯುತ್ತದೆ. ಸಂತೆಯವರಿಗೆ ವ್ಯಾಪಾರವಿದೆ. ಮೊದಲ ಅರ್ಧ ನಿಮಿಷದಲ್ಲಿ ಹಿಡಿಯಬೇಕಾದ್ದು ಭುಜ, ಅದರ ಮೇಲೆ ಕತ್ತು ಹೊರಟ ಓರೆ, ಅದರ ಮೇಲೆ ತಲೆ ಕೂತ ಓರೆ. ನಾಲ್ಕೈದು ಗೆರೆ ಸಾಕು. ಮನುಷ್ಯರನ್ನು ನಾವು ದೂರದಿಂದ ಗುರುತಿಸುವುದು ಅದರಿಂದಲೇ. ಬಸ್‌ಸ್ಟ್ಯಾಂಡಿನ ಆಚೆ ತುದಿಯಲ್ಲಿ ನಿಮ್ಮ ಚಿಕ್ಕಪ್ಪ ನಿಂತಿದ್ದರೆ ಕಣ್ಣು ಮೂಗು ನೋಡಿಯಾ ನೀವು ಗುರುತು ಹಿಡಿಯುವುದು? ಹೋಲಿಕೆಯ ಮುಕ್ಕಾಲು ಪಾಲು ಅಲ್ಲೇ ಇದೆ.

ತಲೆಯ ಮೊಟ್ಟೆಯಾಕಾರ ಹಾಕಿದ ಮೇಲೆ ಕಣ್ಣಿನ ಗೆರೆ ಎಲ್ಲಿ? ನೆತ್ತಿಯಿಂದ ಗದ್ದಕ್ಕೆ ಅಳೆದರೆ ಸರಿಯಾಗಿ ನಡುವೆ. ಇದು ನೀವು ಪರೀಕ್ಷೆಗೆ ಓದಿದ್ದೇ, ಆದರೆ ಎದುರಿಗೆ ಮನುಷ್ಯ ಬಂದರೆ ಎಲ್ಲರೂ ಮರೆತು ಕಣ್ಣನ್ನು ಹಣೆಗೆ ಏರಿಸಿಬಿಡುತ್ತಾರೆ, ಕೂದಲ ಕೆಳಗೊಂದು ಬುರುಡೆಯಿದೆ ಎಂಬ ಲೆಕ್ಕವೇ ಇರುವುದಿಲ್ಲ. ತಲೆಗೆ ವಸ್ತ್ರ ಕಟ್ಟಿದ ಹೆಂಗಸರನ್ನು ಬರೆಯಿರಿ. ಕೂದಲಿನ ಗೊಂದಲವಿಲ್ಲ, ಬಟ್ಟೆ ಬುರುಡೆಯ ಆಕಾರವನ್ನೇ ಹಿಡಿದುಕೊಂಡಿರುತ್ತದೆ. ನಮ್ಮ ತೋಟದ ಹೆಂಗಸರು ಚಿತ್ರಗಾರರಿಗೆ ಮಾಡಿದ ಉಪಕಾರ ಇದು.

ಆ ನಡುವಿನ ಗೆರೆ ನೇರ ನೋಡುವ ತಲೆಗೆ ಮಾತ್ರ. ತೂಕ ನೋಡಲು ಬಗ್ಗಿದಾಗ ನೆತ್ತಿ ಹೆಚ್ಚು ಕಾಣುತ್ತದೆ, ಕಣ್ಣು ಮೂಗು ಬಾಯಿ ಎಲ್ಲ ಕೆಳಗೆ ಒತ್ತಿಕೊಳ್ಳುತ್ತವೆ, ಕಿವಿ ಕಣ್ಣಿಗಿಂತ ಮೇಲಕ್ಕೆ ಹೋಗುತ್ತದೆ. ಮುಖ ಎತ್ತಿದರೆ ಎಲ್ಲ ತಿರುಗುಮುರುಗು: ಕಿವಿ ಕೆಳಗೆ, ಮೂಗು ಮೊಟಕು, ಗದ್ದದ ಅಡಿಭಾಗ ಎದುರಿಗೆ. ತಿಮ್ಮಯ್ಯ ವೃತ್ತದಲ್ಲಿ ನೀವು ಕಂಡದ್ದು ಅದೇ, ಅದೂ ಪಾಠವೇ. ಮತ್ತೆ ಹೋಗಿ ಆ ಗದ್ದವನ್ನೇ ಬರೆಯಿರಿ. ಕಿವಿ ಎಲ್ಲಿದೆ ನೋಡಿಕೊಂಡರೆ ತಲೆ ಎಷ್ಟು ಬಗ್ಗಿದೆ, ಎಷ್ಟು ಎತ್ತಿದೆ ಅಂತ ತಿಳಿಯುತ್ತದೆ. ನಾನು ಮೂಗಿಗಿಂತ ಮೊದಲು ಕಿವಿ ಗುರುತು ಹಾಕಿಕೊಳ್ಳುತ್ತೇನೆ.

ಇನ್ನು ನಿಮ್ಮ ಒಣಮೀನಿನ ಅಕ್ಕ. ಅವರು ಅಲ್ಲಾಡುತ್ತಾರೆ ಎಂದಿರಿ. ಹೇಗೆ ಅಲ್ಲಾಡುತ್ತಾರೆ ಎಂದು ಬರೆಯದೆ ಸುಮ್ಮನೆ ಸ್ವಲ್ಪ ಹೊತ್ತು ನೋಡಿ. ಮೀನು ಹಿಡಿದು ತೂಕಕ್ಕೆ ಹಾಕುವಾಗ ಒಂದು ಭಂಗಿ. ತೂಕದ ಯಂತ್ರದ ಕೆಂಪು ಅಂಕಿ ನೋಡುವಾಗ ಗದ್ದ ಎದೆಗೆ ತಾಗುವ ಭಂಗಿ. ಚೀಲ ಬಿಡಿಸಿ ಸುರಿಯುವಾಗ ಒಂದು. ದುಡ್ಡು ತೆಗೆದುಕೊಂಡು ಚಾಪೆಯಡಿ ಇಡುವಾಗ ಒಂದು. ಗಿರಾಕಿ ಇಲ್ಲದಾಗ ಎಡಗೈ ಮೊಣಕಾಲ ಮೇಲಿಟ್ಟು ದಾರಿ ನೋಡುವುದು ಒಂದು. ಅಷ್ಟೇ, ಐದಾರು. ಮಧ್ಯಾಹ್ನದ ತನಕ ಅವೇ ಸುತ್ತುತ್ತಿರುತ್ತವೆ. ಒಂದೇ ಹಾಳೆಯಲ್ಲಿ ನಾಲ್ಕು ಚಿಕ್ಕ ತಲೆ ಶುರು ಮಾಡಿ. ಅವರು ಅಂಕಿ ನೋಡಲು ಬಗ್ಗಿದರೆ ಎರಡನೆಯ ತಲೆಗೆ ಗೆರೆ ಸೇರಿಸಿ, ದಾರಿ ನೋಡಿದರೆ ನಾಲ್ಕನೆಯದಕ್ಕೆ ಹೋಗಿ. ಅವರು ಎತ್ತ ತಿರುಗಿದರೂ ನಿಮಗೆ ಕೆಲಸವಿರುತ್ತದೆ, ಅಸಹನೆ ಬರುವುದಿಲ್ಲ. ಎರಡು ಭಂಗಿಯನ್ನು ಒಂದೇ ಮುಖದಲ್ಲಿ ಬೆರೆಸಿದ್ದರಿಂದ ನಿಮಗೆ ನಾದಿನಿ ಸಿಕ್ಕಿದ್ದು.

ಒಂದು ಹಾಳೆಗೆ ಮೂರು ಸಲ ನೋಡಿದರೆ ಒಂದು ಸಲ ಬರೆಯಬೇಕು. ನೋಡುವಾಗ ಕೈ ನಿಲ್ಲಲಿ. ಬರೆಯುವಾಗ ತಲೆ ಎತ್ತಬೇಡಿ, ಕಣ್ಣಲ್ಲಿ ಉಳಿದಿದ್ದಷ್ಟನ್ನೇ ಹಾಕಿ. ನೆನಪು ಗಟ್ಟಿಯಾಗುವುದು ಹಾಗೆ. ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನು ಎಲ್ಲಾದರೂ ಸಿಕ್ಕರೆ ನೋಡಿ. ಕುಣಿಯುವವರ ಒಂದು ಗೆರೆ ಭುಜದಿಂದ ಹೊರಟು ಪಾದದ ತನಕ ಕಡಿಯದೆ ಬರುತ್ತದೆ. ಕುಣಿಯುವವರು ಅವರಿಗಾಗಿ ನಿಂತಿರಲಿಲ್ಲ ತಾನೆ? ಲಯ ತಿಳಿಯಬೇಕೆಂದು ಕಥಕ್ ಅನ್ನೇ ಕಲಿತ ಮನುಷ್ಯ ಅವರು. ನೀವು ಮೀನು ಮಾರಲು ಕಲಿಯಬೇಕಾಗಿಲ್ಲ, ಆದರೆ ಆ ಕೈ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತಿಳಿದಿರಲಿ.

ಮುದುಕರ ಬಗ್ಗೆ ಒಂದು ಮಾತು, ಏಕೆಂದರೆ ಸಂತೆಯಲ್ಲಿ ಅವರೇ ಹೆಚ್ಚು ಹೊತ್ತು ಕೂತಿರುವವರು. ಹಲ್ಲು ಹೋದ ಮೇಲೆ ಮೂಗಿನ ಬುಡಕ್ಕೂ ಗದ್ದಕ್ಕೂ ನಡುವಿನ ಅಂತರ ಕುಗ್ಗುತ್ತದೆ, ತುಟಿ ಒಳಗೆ ಹೋಗಿ ಗದ್ದ ಮುಂದೆ ಬರುತ್ತದೆ. ಕಿವಿ ಮಾತ್ರ ವಯಸ್ಸಾದಂತೆ ದೊಡ್ಡದಾಗುತ್ತದೆ. ಪುಸ್ತಕದ ಅಳತೆಯ ಮುಖ ಬರೆದು ಅದರ ಮೇಲೆ ಸುಕ್ಕು ಎಳೆದರೆ ನಾಟಕದ ಮುದುಕ ಬರುತ್ತಾನೆ. ಅಳತೆ ಸರಿಯಿದ್ದರೆ ಒಂದು ಸುಕ್ಕೂ ಹಾಕದೆ ಅಜ್ಜ ಬರುತ್ತಾರೆ.

ಫೋಟೋ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ನಿಮಗೆ ಅದರಿಂದ ನಾಲ್ಕು ಕಾಸೂ ಬರುತ್ತಿದೆ. ಆದರೆ ಕೈಯಳತೆಯಲ್ಲಿ ಹಿಡಿದ ಮೊಬೈಲು ಮೂಗನ್ನು ಹಿಗ್ಗಿಸಿ ಕಿವಿಯನ್ನು ಹಿಂದಕ್ಕೆ ತಳ್ಳುತ್ತದೆ. ಸೆಲ್ಫಿ ನೋಡಿ ಬರೆದು ಬರೆದು ಕೆಲವರಿಗೆ ಅದೇ ಮನುಷ್ಯನ ಮುಖ ಎಂಬ ನಂಬಿಕೆ ಕೂತುಬಿಟ್ಟಿದೆ.

ತೋಟದ ರೈಟರ್:

ಮೇಷ್ಟ್ರ ಮಾತು ನೂರಕ್ಕೆ ನೂರು. ನಾನು ಸಿದ್ದಾಪುರ ಕಡೆ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಚಿತ್ರ ನನಗೆ ಹವ್ಯಾಸ, ಹಳೇ ಚೆಕ್‌ರೋಲಿನ (ಕೂಲಿಯವರ ಹಾಜರಿ ಪುಸ್ತಕ) ಹಿಂಬದಿಯೇ ನನ್ನ ಡ್ರಾಯಿಂಗ್ ಬುಕ್ಕು. ಆದರೆ ಮೇಷ್ಟ್ರು ಹೇಳದೆ ಬಿಟ್ಟಿದ್ದು ಒಂದಿದೆ, ಆ ಕಣಿಲೆ ಅಜ್ಜಿಯ ವಿಷಯ.

ಆ ಅಜ್ಜಿ ನಿಮ್ಮ ಪೆನ್ಸಿಲ್ ನೋಡಿ ತಿರುಗಿದ್ದಲ್ಲ ತಂಗಿ. ಕಾಡಂಚಿನ ಹಾಡಿಯಿಂದ ಕಣಿಲೆ, ಅಣಬೆ ತಂದು ಕೂರುವವರ ಮುಂದೆ ಪ್ರವಾಸಿಗಳು ಬಗ್ಗಿ ಮೊಬೈಲ್ ಹಿಡಿಯುತ್ತಾರೆ, ಒಂದು ಮಾತಿಲ್ಲ, ಒಂದು ಕಟ್ಟು ಕೊಳ್ಳುವುದಿಲ್ಲ, ಹೋಗುತ್ತಾರೆ. ಅವರ ಮುಖ ಯಾವ ಊರಿನ ಯಾರ ಮೊಬೈಲಿನಲ್ಲಿದೆಯೋ. ಎದುರಿಗೆ ಕೂತು ದಿಟ್ಟಿಸುವವರೆಲ್ಲ ಅವರಿಗೆ ಒಂದೇ.

ತೋಟದಲ್ಲೂ ಹಾಗೇ. ಅಸ್ಸಾಂ ಕಡೆಯಿಂದ ಬಂದು ಲೈನ್ ಮನೆಯಲ್ಲಿರುವ (ಕೂಲಿಯವರ ಸಾಲುಮನೆ) ಹುಡುಗರನ್ನು ನಾನು ಬರೆಯಲು ಶುರು ಮಾಡಿದಾಗ ಅವರಲ್ಲಿ ಒಬ್ಬ ಕೇಳಿದ ಮೊದಲ ಪ್ರಶ್ನೆ, "ರೈಟರ್ ಸಾಬ್, ಇದು ಪೊಲೀಸ್ ಸ್ಟೇಷನ್ನಿಗಾ?" ಕೈಯಲ್ಲಿ ಪುಸ್ತಕ ಹಿಡಿದು ಮುಖ ನೋಡಿ ಬರೆದುಕೊಳ್ಳುವವನು ಅವರ ಪಾಲಿಗೆ ಯಾರು ಹೇಳಿ? ಆಧಾರ್ ಕಾರ್ಡ್ ಕೇಳುವವನು. ಅದಕ್ಕೇ ನಾನು ಕೇಳದೆ ಬರೆಯುವುದಿಲ್ಲ. ಹಣ್ಣು ಕುಯ್ಯುವ ಸಮಯದಲ್ಲಿ ಸಂಜೆ ಚೀಲ ತೂಕ ಹಾಕಲು ಸಾಲು ನಿಲ್ಲುತ್ತಾರೆ, ದಣಿದಿರುತ್ತಾರೆ, ಚೀಲಕ್ಕೆ ಒರಗಿಕೊಂಡು ಒಳ್ಳೇ ಹೊತ್ತು ಅಲ್ಲಾಡುವುದಿಲ್ಲ. ತೂಕ ಬರೆದು ಮುಗಿದ ಮೇಲೆ ಪುಸ್ತಕ ತೋರಿಸಿ ಕೇಳುತ್ತೇನೆ. ಬೇಡ ಅಂದವರದ್ದು ಬೇಡ. ಹ್ಞೂಂ ಅಂದವರು ಮೊದಲ ಎರಡು ನಿಮಿಷ ಬೆನ್ನು ಸೆಟೆದು ಕೂರುತ್ತಾರೆ, ಆಮೇಲೆ ಪಕ್ಕದವರ ಹತ್ತಿರ ಮಾತಿಗೆ ಬಿದ್ದು ಮರೆಯುತ್ತಾರೆ. ಪೆನ್ಸಿಲ್ ಹಿಡಿಯುವುದು ಆಗಲೇ.

ಅಜ್ಜಿ ಹತ್ತಿರ ಕಣಿಲೆ ಕೊಳ್ಳಿ. ಮುಂದಿನ ವಾರವೂ ಕೊಳ್ಳಿ. ಎದುರಿಗೆ ಕೂರಬೇಡಿ, ಅವರ ಪಕ್ಕದಲ್ಲಿ ದಾರಿ ನೋಡಿಕೊಂಡು ಕೂರಿ. ಪಕ್ಕದಿಂದ ಅರ್ಧ ಮುಖ ಸಿಗುತ್ತದೆ, ಅದು ಬರೆಯಲೂ ಸುಲಭ, ಇಬ್ಬರ ಕಣ್ಣೂ ಕೂಡುವುದಿಲ್ಲ. ಮೊದಲು ಅವರ ಬುಟ್ಟಿ ಬರೆದು ತೋರಿಸಿ. ಬುಟ್ಟಿ ಚೆನ್ನಾಗಿ ಬಂದಿದೆ ಅಂದರೆ ದಾರಿ ತೆರೆದ ಹಾಗೆ.

ಮತ್ತೆ ಯಾರನ್ನಾದರೂ ನಿಮಗಾಗಿಯೇ ಅರ್ಧ ದಿನ ಕೂರಿಸಿಕೊಂಡರೆ ಅರ್ಧ ದಿನದ ಕೂಲಿ ಕೊಡಿ. ಕಲಾಶಾಲೆಗಳಲ್ಲಿ ಮಾಡೆಲ್‌ಗೆ ಕೊಡುತ್ತಾರೆ, ನಾವು ಯಾಕೆ ಕೊಡಬಾರದು. "ಟೀ ಕುಡಿಸಿದೆನಲ್ಲ" ಅನ್ನುವವರನ್ನು ಕಂಡರೆ ನನಗಾಗುವುದಿಲ್ಲ.

ಬರೆದುಕೊಟ್ಟ ಮೇಲೆ ಬರುವ ದೂರು ಒಂದಿದೆ, ಸಿದ್ಧವಾಗಿರಿ: "ಇಷ್ಟು ಕಪ್ಪು ಮಾಡಿಬಿಟ್ರಲ್ಲ." ನೀವು ಕಷ್ಟಪಟ್ಟು ಕೆನ್ನೆ ಕೆಳಗೆ, ಮೂಗಿನ ಪಕ್ಕ 6ಬಿ ಪೆನ್ಸಿಲ್‌ನ ಗಾಢ ಕಪ್ಪಿನಲ್ಲಿ ನೆರಳು ಹಾಕಿರುತ್ತೀರಿ, ಅವರಿಗೆ ಅದು ಮುಖಕ್ಕೆ ಬಳಿದ ಮಸಿ. ಒಬ್ಬಳು ನನ್ನೆದುರೇ ಸೆರಗಿನಿಂದ ಉಜ್ಜಿ ಉಜ್ಜಿ ಕೆನ್ನೆ ಬೆಳ್ಳಗೆ ಮಾಡಿಕೊಂಡು ಒಯ್ದಳು. ಈಗ ನಾನು ಕೊಡುವ ಚಿತ್ರಕ್ಕೆ ಬರೀ ಗೆರೆ, ನೆರಳು ನನ್ನ ಪುಸ್ತಕದಲ್ಲಿ.

ಹಾಕಿಗ್ಯಾಲರಿ:

ಎಲ್ಲರೂ ಸಂತೆ ಸಂತೆ ಅಂತಿದ್ದೀರಿ. ಏಪ್ರಿಲ್-ಮೇ ತಿಂಗಳಲ್ಲಿ ಕೊಡವ ಕೌಟುಂಬಿಕ ಹಾಕಿ ಇರುತ್ತದಲ್ಲ, 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ್ದು, ಅಲ್ಲಿ ಗ್ಯಾಲರಿಯಲ್ಲಿ ಕೂತು ನೋಡಿ. ಸಾವಿರಾರು ಮುಖ, ಎಲ್ಲ ಒಂದೇ ಕಡೆ ನೋಡುತ್ತಿರುತ್ತವೆ, ಒಬ್ಬರೂ ನಿಮ್ಮನ್ನು ನೋಡುವುದಿಲ್ಲ. ಹ್ಯಾಟು ಹಾಕಿದ ಅಜ್ಜಂದಿರು, ಅವರ ಮೀಸೆ! ಪೆನಾಲ್ಟಿ ಕಾರ್ನರ್ ಹೊತ್ತಿಗೆ ಎಲ್ಲರ ಕತ್ತೂ ಮುಂದಕ್ಕೆ ಚಾಚಿ ಉಸಿರು ಬಿಗಿಹಿಡಿದಿರುತ್ತದೆ. ಗೋಲಾದರೆ ಮಾತ್ರ ಪುಸ್ತಕ ಗಟ್ಟಿ ಹಿಡಿದುಕೊಳ್ಳಿ.

ಜಯನಗರದ ಸೊಸೆ:

ನನ್ನ ಗಂಡನ ಮನೆ ವಿರಾಜಪೇಟೆ ಹತ್ತಿರ, ಇರುವುದು ಬೆಂಗಳೂರಲ್ಲಿ. ಹೆಣ್ಣುಮಕ್ಕಳ ವಿಷಯಕ್ಕೆ ಇಲ್ಲಿ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಗಂಡಸರು ಗೋಣಿಚೀಲದ ಮೇಲೆ ಎಲ್ಲಿ ಬೇಕಾದರೂ ಕೂರಬಹುದು, ನಾವು ಹಾಗೆ ಕೂತರೆ ಅದೇ ಒಂದು ಸುದ್ದಿ.

ಒಬ್ಬಳೇ ಹೋಗಬೇಡಿ, ಜೊತೆಗೆ ಇನ್ನೊಬ್ಬಳಿರಲಿ. ಅವಳು ಚಿತ್ರ ಬರೆಯಬೇಕಂತಲೂ ಇಲ್ಲ, ಕಡಲೆಕಾಯಿ ತಿನ್ನುತ್ತಾ ಕೂತರೆ ಸಾಕು. ನಿಮ್ಮ ಬೆನ್ನಿಗೆ ಗೋಡೆಯಿರಲಿ, ಹಿಂದೆ ನಿಂತು ಮೂಗಿನ ತೀರ್ಪು ಕೊಡುವವರ ಕಾಟ ಅರ್ಧ ಕಡಿಮೆಯಾಗುತ್ತದೆ. ಕಪ್ಪು ಕನ್ನಡಕ ಹಾಕಿಕೊಂಡು ಕದ್ದು ನೋಡಿ ಅಂತ ಕೆಲವರು ಹೇಳುತ್ತಾರೆ, ಅದು ಬೇಡ. ಕದ್ದು ನೋಡುವವಳ ಹಾಗೆ ಕಂಡರೇ ಅನುಮಾನ. ಪುಸ್ತಕ ತೆರೆದು ಮಡಿಲಲ್ಲಿ ಎಲ್ಲರಿಗೂ ಕಾಣುವ ಹಾಗಿಟ್ಟುಕೊಂಡರೆ ಇವಳು ಮಾಡುತ್ತಿರುವುದು ಏನೆಂದು ನೋಡಿದ ಕೂಡಲೇ ತಿಳಿಯುತ್ತದೆ.

ಜಾಗ ಹೇಳುವುದಾದರೆ ಟೈಲರ್ ಅಂಗಡಿ. ಬ್ಲೌಸ್ ಹೊಲಿಯುವ ಅಕ್ಕ ಮಿಷನ್ ಮೇಲೆ ಬಗ್ಗಿರುತ್ತಾರೆ, ಮುಖ ಅಲ್ಲಾಡುವುದಿಲ್ಲ, ಬೆಳಕು ಕಿಟಕಿಯ ಒಂದೇ ಕಡೆಯಿಂದ. ಆಮೇಲೆ ಖಾಸಗಿ ಬಸ್ ನಿಲ್ದಾಣ, ಹಳ್ಳಿ ಬಸ್ಸಿಗೆ ಕಾಯುವವರು ಗಂಟೆಗಟ್ಟಲೆ ಇರುತ್ತಾರೆ. ಈಗ ಎಲ್ಲರೂ ಮೊಬೈಲ್ ನೋಡುತ್ತಾ ಕೂರುವುದರಿಂದ ಬಗ್ಗಿದ ತಲೆಗೆ ಮೇಷ್ಟ್ರು ಹೇಳಿದ ಕಿವಿಯ ಪಾಠ ಕಲಿಯಲು ಅನುಕೂಲ. ಕಷ್ಟವೆಂದರೆ ಅದೊಂದೇ ಭಂಗಿ ಸಿಗುವುದು. ಮೊಬೈಲ್ ಇಲ್ಲದವರನ್ನು ಹುಡುಕಿ, ಅವರ ಮುಖದಲ್ಲಿ ಇನ್ನೂ ಕಾಯುವಿಕೆ ಉಳಿದಿದೆ. ಆಸ್ಪತ್ರೆಯ ಸಾಲು, ದೇವಸ್ಥಾನದ ಒಳಗೆ, ಸಾವಿನ ಮನೆ: ನಾನು ಬರೆಯುವುದಿಲ್ಲ. ಬೇರೆಯವರ ಮಕ್ಕಳನ್ನು ತಾಯಿಗೆ ಕೇಳದೆ ಬರೆಯುವುದಿಲ್ಲ.

ಅಂದಹಾಗೆ ನೀವು ಒಂಟಿಯಲ್ಲ. 2007ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಗೇಬ್ರಿಯಲ್ ಕಂಪನಾರಿಯೋ ಎಂಬ ಪತ್ರಕರ್ತ 'ಅರ್ಬನ್ ಸ್ಕೆಚರ್ಸ್' ಅಂತ ಶುರು ಮಾಡಿದರು, ಜಾಗದಲ್ಲೇ ಕೂತು ಕಣ್ಣಾರೆ ಕಂಡದ್ದನ್ನು ಬರೆಯಬೇಕು, ಫೋಟೋ ನೋಡಿ ಅಲ್ಲ ಎಂಬುದು ಅವರ ನಿಯಮ. ಬೆಂಗಳೂರಲ್ಲೂ ಹಾಗೆ ಸೇರುವವರಿದ್ದಾರೆ. ಎಂಟು ಹತ್ತು ಜನ ಒಟ್ಟಿಗೆ ಕೂತರೆ ಜನ ನಮ್ಮನ್ನು ಯಾವುದೋ ಕಾಲೇಜಿನವರು ಎಂದುಕೊಂಡು ಬಿಟ್ಟುಬಿಡುತ್ತಾರೆ. ಮಡಿಕೇರಿಯಲ್ಲಿ ಇಬ್ಬರು ಸಿಕ್ಕರೆ ನೀವೇ ಶುರು ಮಾಡಿ. ಕೋಟೆಯ ಒಳಗಿನ ಎರಡು ಕಲ್ಲುಗಾರೆಯ ಆನೆಗಳ ಹತ್ತಿರ ಸೇರಿ, ಅಲ್ಲಿ ಫೋಟೋ ತೆಗೆಸಿಕೊಳ್ಳಲು ನಿಲ್ಲುವವರು ಅಲ್ಲಾಡದೆ ನಿಲ್ಲುತ್ತಾರೆ, ಬೇರೆಯವರ ಕ್ಯಾಮರಾಕ್ಕೆ ನಿಂತದ್ದು ನಿಮಗೂ ಆಯಿತು.

ಕೆಂಪುಕೊಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಾಲ್ಕು ತಲೆಯ ಉಪಾಯ ಈ ಶುಕ್ರವಾರವೇ ಮಾಡಿ ನೋಡುತ್ತೇನೆ. ಟೈಲರ್ ಅಂಗಡಿ ಹೊಳೆದೇ ಇರಲಿಲ್ಲ, ನಮ್ಮ ಅತ್ತಿಗೆಯೇ ಟೈಲರ್! ರೈಟರ್ ಅಣ್ಣ, ಕಣಿಲೆ ಮನೆಯಲ್ಲಿ ಎಲ್ಲರಿಗೂ ಇಷ್ಟ, ಅದಕ್ಕೇನೂ ತೊಂದರೆಯಿಲ್ಲ. ಕಪ್ಪು ಮಾಡಿಬಿಟ್ರಿ ಅನ್ನುವ ಮಾತು ಮದುವೆ ಚಿತ್ರಕ್ಕೂ ಕೇಳಿದ್ದೇನೆ, ಮದುಮಗಳ ಕಡೆಯವರಿಂದ.

ಇನ್ನೊಂದೇ ಪ್ರಶ್ನೆ. ಈ ಮಳೆಯಲ್ಲಿ ನನ್ನ ಹಾಳೆಯೆಲ್ಲ ಬಿಸಿಲು ಕಾಣದ ಹಪ್ಪಳದ ಹಾಗೆ ಮೆತ್ತಗಾಗಿದೆ. ಪೆನ್ಸಿಲ್ ಕಪ್ಪಾಗಿ ಹತ್ತುವುದಿಲ್ಲ, ಒತ್ತಿದರೆ ಗೀರು ಬೀಳುತ್ತದೆ, ರಬ್ಬರ್ ಹಾಕಿದರೆ ಮೇಲ್ಪದರ ಎದ್ದು ಬರುತ್ತದೆ. ಮಳೆಗಾಲದಲ್ಲಿ ನೀವೆಲ್ಲ ಏನು ಮಾಡುತ್ತೀರಿ?

ನಿವೃತ್ತ ಡ್ರಾಯಿಂಗ್ ಮೇಷ್ಟ್ರು:

ಜೂನ್‌ನಿಂದ ಸೆಪ್ಟೆಂಬರ್ ತನಕ ಪೆನ್ಸಿಲ್ ಒಳಗಿಟ್ಟುಬಿಡಿ, ಬಾಲ್‌ಪೆನ್ ಹಿಡಿಯಿರಿ. ಅದರ ಶಾಯಿ ಎಣ್ಣೆಯಂಥದ್ದು, ತೇವದ ಹಾಳೆಯಲ್ಲಿ ಹರಡುವುದಿಲ್ಲ. ಇಂಕ್ ಪೆನ್ನು ಮಾತ್ರ ಬೇಡ, ರೆಪ್ಪೆ ಬರೆದರೆ ಹುಬ್ಬಾಗಿರುತ್ತದೆ. ಬಾಲ್‌ಪೆನ್ನಿನಲ್ಲಿ ಅಳಿಸುವ ಹಾಗಿಲ್ಲವಲ್ಲ ಎಂದು ಹೆದರಬೇಡಿ. ಮೊದಲು ಹಗುರವಾಗಿ ಎಳೆಯಿರಿ, ಸರಿಯಾದ ಗೆರೆ ಸಿಕ್ಕ ಮೇಲೆ ಅದರ ಮೇಲೆ ಒತ್ತಿ. ತಪ್ಪು ಗೆರೆ ಅಲ್ಲೇ ಇರಲಿ, ನಾಲ್ಕು ತಲೆಯ ಹಾಳೆಯಲ್ಲಿ ಅದನ್ನು ಯಾರು ಲೆಕ್ಕ ಹಾಕುತ್ತಾರೆ.

ಹಾಳೆ ದಪ್ಪದ್ದು ತಗೊಳ್ಳಿ, 150 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಆದರೂ ಇರಲಿ. ಇಡೀ ಪುಸ್ತಕ ಸಂತೆಗೆ ಒಯ್ಯಬೇಡಿ, ಆ ದಿನಕ್ಕೆ ಬೇಕಾದಷ್ಟು ಹಾಳೆ ರಟ್ಟಿಗೆ ಕ್ಲಿಪ್ ಹಾಕಿ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಳ್ಳಿ. ಮನೆಗೆ ಬಂದು ಹಾಗೇ ಪೆಟ್ಟಿಗೆಗೆ ಹಾಕಿದರೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ನಮ್ಮ ಮನೆಯಲ್ಲಿ ರೇಷ್ಮೆ ಸೀರೆಯ ಬೀರುವಿನೊಳಗೆ ಒಂದು ಹಳೇ ಕಾಲದ ಬಲ್ಬು ಉರಿಯುತ್ತಿರುತ್ತದೆ, ಬಟ್ಟೆಗೆ ತಾಗದ ಹಾಗೆ ಮೇಲೆ ತೂಗುಹಾಕಿದ್ದು. ನನ್ನ ಹಾಳೆಗೆ ಆ ಬೀರುವಿನ ಕೆಳಗಿನ ಖಾನೆ ಸಿಕ್ಕಿದೆ. ಎಲ್‌ಇಡಿ ಬಲ್ಬು ಹಾಕಿದರೆ ಆಗುವುದಿಲ್ಲ, ಅದು ಬಿಸಿ ಕೊಡುವುದಿಲ್ಲ. ಮೆಡಿಕಲ್ ಶಾಪಿನವರಿಗೆ ಇನ್ನೊಂದು ಅನುಕೂಲ: ಮಾತ್ರೆ ಡಬ್ಬಿಯೊಳಗೆ ತೇವ ಹೀರುವ ಸಣ್ಣ ಪೊಟ್ಟಣ ಬರುತ್ತದಲ್ಲ, ಖಾಲಿ ಡಬ್ಬಿ ಎಸೆಯುವ ಮುಂಚೆ ಅವನ್ನು ತೆಗೆದಿಟ್ಟುಕೊಳ್ಳಿ.

ತೋಟದ ರೈಟರ್:

ಮೇಷ್ಟ್ರೇ, ಆ ಪೊಟ್ಟಣ ನನಗೂ ಬೇಕು. ಕೆಂಪುಕೊಡೆಯವರೇ, ಸಿಕ್ಕರೆ ಒಂದಿಷ್ಟು ಎತ್ತಿಡಿ, ಮಡಿಕೇರಿಗೆ ಬಂದಾಗ ಅಂಗಡಿಗೇ ಬರುತ್ತೇನೆ. ಚೆಕ್‌ರೋಲು ಈ ವರ್ಷ ಪೂರ್ತಿ ಒದ್ದೆ.